ಶಾಸನದಲ್ಲಿಲ್ಲದ ರಾಜಕುಮಾರಿ: ‘ಮಯೂರ’ ಮತ್ತು ದಂಡಿನ ಕಾಲದ ಪ್ರೇಮ

ಮನೋಳಿಯ ಈ ದತ್ತಿ ಉಪನ್ಯಾಸದಲ್ಲಿ ಕಾದಂಬರಿ ಸಿನಿಮಾ ಆಗುವ ಬಗೆಯನ್ನು ಕುರಿತು ಮಾತಾಡಬೇಕೆಂದು ಹೇಳಿ ಕಳಿಸಿದ ಸಂಘಟಕರು ಜೊತೆಗೊಂದು ಸೂಚನೆಯನ್ನೂ ಕೊಟ್ಟಿದ್ದರು. ಕಾಲೇಜಿನ ಹುಡುಗ-ಹುಡುಗಿಯರು ಬರುತ್ತಾರೆ, ಪ್ರೇಮ ಇರಲಿ. ಊರ ಹಿರಿಯರು ಕೂತಿರುತ್ತಾರೆ, ಇತಿಹಾಸವೂ ಇರಲಿ ಎಂದು. ಎರಡೂ ಇರುವ ಚಿತ್ರ ಬೇಕು, ನಡುವೆ ಒಂದಿಷ್ಟು ಯುದ್ಧವಿದ್ದರೆ ಸಭೆ ಏಳುವುದಿಲ್ಲ. ಹೀಗೆ ಲೆಕ್ಕ ಹಾಕಿ ‘ಮಯೂರ’ಕ್ಕೆ ಬಂದು ನಿಂತೆ.

‘ಮಯೂರ’ ತೆರೆಗೆ ಬಂದದ್ದು 1975ರಲ್ಲಿ. ನಿರ್ದೇಶಕರು ವಿಜಯ್. ಆಧಾರ, ದೇವುಡು ನರಸಿಂಹಶಾಸ್ತ್ರಿಗಳ ಅದೇ ಹೆಸರಿನ ಕಾದಂಬರಿ. ಮಯೂರನಾಗಿ ರಾಜಕುಮಾರ್, ಪಲ್ಲವರ ರಾಜಕುಮಾರಿ ಪ್ರೇಮಾವತಿಯಾಗಿ ಮಂಜುಳಾ. ಸಂಗೀತ ಜಿ.ಕೆ. ವೆಂಕಟೇಶ್ ಅವರದು, ಹಾಡುಗಳು ಚಿ. ಉದಯಶಂಕರ್ ಅವರವು. ‘ಮಹಾಬ್ರಾಹ್ಮಣ’, ‘ಮಹಾಕ್ಷತ್ರಿಯ’ಗಳನ್ನು ಬರೆದ ದೇವುಡು 1962ರಲ್ಲೇ ತೀರಿಕೊಂಡಿದ್ದರು, ತಮ್ಮ ಮಯೂರ ಬೆಳ್ಳಿತೆರೆಯ ಮೇಲೆ ಕುದುರೆ ಏರಿದ್ದನ್ನು ಅವರು ನೋಡಲಿಲ್ಲ.

ಚಿತ್ರ ಬಂದ ಕಾಲವನ್ನೂ ಮರೆಯಬಾರದು. 1973ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಾಗಿ ಎರಡು ವರ್ಷವೂ ತುಂಬಿರಲಿಲ್ಲ. ನಮ್ಮ ಬೆಳಗಾವಿ ಜಿಲ್ಲೆಯಂತೂ 1956ರವರೆಗೆ ಮುಂಬಯಿಗೆ ಸೇರಿದ್ದು. ಆಮೇಲೆ ಗಡಿ ತಂಟೆ, 1967ರ ಮಹಾಜನ ವರದಿ, ಅದರ ಬೆನ್ನಿಗೆ ಗದ್ದಲ. ಇಂಥ ನೆಲದಲ್ಲಿ ಕನ್ನಡದ ಮೊದಲ ಅರಸುಮನೆತನದ ಕಥೆಯನ್ನು ರಾಜಕುಮಾರ್ ಮೈಮೇಲೆ ಹಾಕಿಕೊಂಡು ಬಂದರೆ ಜನ ಅದನ್ನು ಬರೀ ಸಿನಿಮಾ ಎಂದು ನೋಡುವುದು ಕಷ್ಟವೇ ಇತ್ತು. ಮಯೂರ ಗೆದ್ದಾಗಲೆಲ್ಲ ಗೆದ್ದದ್ದು ನಾವು. ಈ ಉಮೇದು ಚಿತ್ರಕ್ಕೆ ಬಲ ಕೊಟ್ಟಿತು. ಅದೇ ಉಮೇದಿನಿಂದ ನಾವು ಚಿತ್ರವನ್ನು ಸರಿಯಾಗಿ ನೋಡದೆಯೂ ಹೋದೆವೆಂದು ನನ್ನ ಗುಮಾನಿ.

ಕಥೆ ನಿಮಗೆ ಗೊತ್ತು. ಕಂಚಿಯಲ್ಲಿ ಬೆಳೆದ ತರುಣ, ಮೈಯಲ್ಲಿ ಜಟ್ಟಿಯನ್ನು ಕೆಡವುವ ಕಸುವು, ಮನಸ್ಸಿನಲ್ಲಿ ಅಂಜಿಕೆ ಇಲ್ಲ. ಅರಮನೆಯ ಹುಡುಗಿ ಅವನಿಗೆ ಒಲಿಯುತ್ತಾಳೆ. ಅಷ್ಟರಲ್ಲಿ ಅವನಿಗೆ ತನ್ನ ಹುಟ್ಟು ತಿಳಿಯುತ್ತದೆ: ತಾನು ಬರೀ ಮಯೂರಶರ್ಮನಲ್ಲ, ಪಲ್ಲವರು ಕಿತ್ತುಕೊಂಡ ಬನವಾಸಿಯ ಕದಂಬ ಕುಡಿ. ಅಲ್ಲಿಂದ ಮುಂದೆ ಒಂದು ಕೈಯಲ್ಲಿ ಕತ್ತಿ, ಇನ್ನೊಂದು ಕೈಯಲ್ಲಿ ವೈರಿಯ ಮಗಳ ಕೈ. ಯುದ್ಧದ ಪ್ರೇಮಕಥೆಗೆ ಇದಕ್ಕಿಂತ ಗಟ್ಟಿ ಬುನಾದಿ ಬೇಕಿಲ್ಲ.

ಈಗ ಇದೇ ಮಯೂರನನ್ನು ಕಲ್ಲಿನ ಮೇಲೆ ಓದೋಣ. ಶಿಕಾರಿಪುರ ತಾಲೂಕಿನ ತಾಳಗುಂದದಲ್ಲಿ ಪ್ರಣವೇಶ್ವರ ಗುಡಿಯ ಎದುರು ಒಂದು ಕಂಬವಿದೆ. ಮಯೂರನಿಗಿಂತ ಸುಮಾರು ನೂರು ವರ್ಷ ಆಚೆಗೆ, ಅವನ ವಂಶದ ಶಾಂತಿವರ್ಮನ ಕಾಲದಲ್ಲಿ, ಕುಬ್ಜ ಎಂಬ ಕವಿ ಸಂಸ್ಕೃತ ಪದ್ಯ ಕಟ್ಟಿ ಅದರ ಮೇಲೆ ತಾನೇ ಕೆತ್ತಿದ. ಬಿ.ಎಲ್. ರೈಸ್ ಅದನ್ನು ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಏಳನೆಯ ಸಂಪುಟದಲ್ಲಿ ಅಚ್ಚು ಹಾಕಿಸಿದರು, ಆಮೇಲೆ ಜರ್ಮನ್ ಪಂಡಿತ ಕೀಲ್‌ಹಾರ್ನ್ ಅದನ್ನು ಇನ್ನೊಮ್ಮೆ ಸಂಪಾದಿಸಿದರು. ಮಯೂರನ ಬಗ್ಗೆ ನಮಗೆ ಗೊತ್ತಿರುವ ಬಹುಪಾಲು ಸಂಗತಿ ಈ ಒಂದು ಕಂಬದಿಂದ ಇಳಿದು ಬಂದದ್ದು.

ಕಂಬ ಹೇಳುವ ಕಥೆ ಹೀಗಿದೆ. ಮಯೂರಶರ್ಮ ವೇದ ಓದಿದ ಬ್ರಾಹ್ಮಣ ಹುಡುಗ. ಗುರು ವೀರಶರ್ಮನ ಜೊತೆ ಕಂಚಿಯ ಘಟಿಕಾಸ್ಥಾನಕ್ಕೆ ಹೆಚ್ಚಿನ ಓದಿಗೆಂದು ಹೋಗುತ್ತಾನೆ. ಅಲ್ಲಿ ಪಲ್ಲವರ ಕುದುರೆ ಸವಾರರ ಜೊತೆ ಜಗಳ ಬೀಳುತ್ತದೆ. ಜಗಳ ಯಾಕೆ ಬಿತ್ತೆಂದು ಕವಿ ಬಿಡಿಸಿ ಹೇಳುವುದಿಲ್ಲ. ಅವಮಾನವಾಯಿತು, ಅಷ್ಟು ಸಾಕು. ಈ ಕಲಿಗಾಲದಲ್ಲಿ ವಿದ್ಯೆ ಕತ್ತಿಗಿಂತ ಕೆಳಗಾಯಿತಲ್ಲಾ ಎಂದು ಹುಡುಗ ಕುದಿಯುತ್ತಾನೆ. ದರ್ಭೆ ಹಿಡಿದು ರೂಢಿಯಾದ ಕೈಗೆ ಕತ್ತಿ ಬರುತ್ತದೆ. ಪಲ್ಲವರ ಗಡಿಕಾವಲಿನವರನ್ನು ಹೊಡೆದೋಡಿಸಿ ಶ್ರೀಪರ್ವತದ ಕಾಡು ಸೇರುತ್ತಾನೆ. ಅಂದರೆ ನಮ್ಮ ಶ್ರೀಶೈಲದ ಸೀಮೆ. ಅಲ್ಲಿ ಕೂತು ಬೃಹದ್ಬಾಣ ಅರಸರಿಂದ ಕಪ್ಪ ವಸೂಲಿ ಮಾಡುತ್ತಾನೆ. ಪಲ್ಲವರ ದಂಡು ಬಂದರೆ ದಾರಿಯಲ್ಲೇ, ರಾತ್ರಿ ಹೊತ್ತಿನಲ್ಲಿ ಮೇಲೆ ಬೀಳುತ್ತಾನೆ. ಇಂದಿನ ಮಾತಿನಲ್ಲಿ ಹೇಳಬೇಕೆಂದರೆ ಗೆರಿಲ್ಲಾ ಯುದ್ಧ. ಕಡೆಗೆ ಪಲ್ಲವರೇ ಕೂತು ಯೋಚಿಸುತ್ತಾರೆ: ಇವನನ್ನು ಕೊಂದು ಲಾಭವಿಲ್ಲ, ಕೆಳೆ ಮಾಡಿಕೊಳ್ಳುವುದು ಮೇಲು. ಮಯೂರ ಅವರ ಪರವಾಗಿ ಯುದ್ಧಗಳಲ್ಲಿ ಕಾದುತ್ತಾನೆ. ಮೆಚ್ಚಿದ ಪಲ್ಲವರು ಪಟ್ಟ ಕಟ್ಟಿ, ಪಶ್ಚಿಮ ಸಮುದ್ರದಿಂದ ಪ್ರೇಹರ ಎಂಬ ಗಡಿಯವರೆಗಿನ ನಾಡನ್ನು ಬಿಟ್ಟುಕೊಡುತ್ತಾರೆ.

ಇಲ್ಲಿ ಪ್ರೇಮಾವತಿ ಇಲ್ಲ. ಹುಡುಕಿದರೂ ಸಿಗುವುದಿಲ್ಲ. ಮಯೂರನ ಹೆಂಡತಿಯ ಹೆಸರೂ ಕಂಬದ ಮೇಲಿಲ್ಲ. ಮಗ ಕಂಗವರ್ಮ ಮಾತ್ರ ಇದ್ದಕ್ಕಿದ್ದಂತೆ ಮುಂದಿನ ಪದ್ಯಕ್ಕೆ ಬಂದು ನಿಲ್ಲುತ್ತಾನೆ.

ಇತಿಹಾಸದ ಮೇಷ್ಟರುಗಳು ಇಂಥ ಕಡೆ ತಟ್ಟನೆ ಎದ್ದು ನಿಂತು, ಸಿನಿಮಾದವರು ಸುಳ್ಳು ಸೇರಿಸಿದರು ಎನ್ನುತ್ತಾರೆ. ಆ ದೂರಿನಲ್ಲಿ ನನಗೆ ಆಸಕ್ತಿ ಇಲ್ಲ. ಹೆಣ್ಣು ಹುಟ್ಟದ ಊರು ಯಾವುದೂ ಇರಲಿಲ್ಲ; ಕುಬ್ಜ ಬರೆಯಲಿಲ್ಲ ಎಂದ ಮಾತ್ರಕ್ಕೆ ಮಯೂರ ಯಾರನ್ನೂ ನೋಡಿ ಮೈಮರೆಯಲಿಲ್ಲ ಎಂದು ಹೇಳಲಾಗದು. ನನ್ನನ್ನು ಕಾಡಿದ ಸಂಗತಿ ಬೇರೆ. ಪ್ರೇಮಾವತಿ ಕಥೆಯೊಳಗೆ ಬಂದ ಮೇಲೆ ಯುದ್ಧಕ್ಕೆ ಏನಾಯಿತು?

ಯುದ್ಧದ ಕಾರಣವೇ ಬದಲಾಯಿತು. ಕಂಬದ ಮೇಲಿನ ಹುಡುಗ ಸಿಟ್ಟಿಗೆದ್ದದ್ದು ತನಗೆ ಆದ ಅವಮಾನಕ್ಕೆ. ಅವನಿಗೆ ಕಳೆದುಕೊಂಡ ಸಿಂಹಾಸನ ಇರಲಿಲ್ಲ, ಕೊಲೆಯಾದ ರಾಜತಂದೆ ಇರಲಿಲ್ಲ, ವಾಪಸು ಪಡೆಯಬೇಕಾದ ಬನವಾಸಿಯೂ ಇರಲಿಲ್ಲ. ಊರಿಗೆ ಹೊಸಬ, ಓದಲು ಬಂದವ, ಸರಕಾರಿ ಕುದುರೆ ಸವಾರ ಗದರಿಸಿದ. ಅಷ್ಟಕ್ಕೇ ಒಂದು ರಾಜ್ಯ ಹುಟ್ಟಿತು. ಬರೀ ವಿದ್ಯಾರ್ಥಿಯೊಬ್ಬ ಅರಸನಾದ ಕಥೆ ಅದು. ಭಾರತದ ಅರಸುಮನೆತನಗಳು ಸೂರ್ಯನಿಂದಲೋ ಚಂದ್ರನಿಂದಲೋ ವಂಶವೃಕ್ಷ ಬರೆಸಿಕೊಳ್ಳುತ್ತಿದ್ದ ಕಾಲಕ್ಕೆ ಇದು ಅಪರೂಪದ ಪ್ರಾಮಾಣಿಕತೆ.

ಸಿನಿಮಾದಲ್ಲಿ ಇದು ನಡೆಯುವುದಿಲ್ಲ. ಕಾರಣ ಪ್ರೇಮ. ತೆರೆಯ ಮೇಲೆ ರಾಜಕುಮಾರಿ ಒಲಿದವನು ಕೊನೆಗೆ ಅವಳಿಗೆ ಸರಿಸಾಟಿಯಾಗಲೇಬೇಕು. ಘಟಿಕೆಯ ಹುಡುಗನಿಗೆ ಅರಮನೆಯ ಮಗಳನ್ನು ಕೊಡುವುದು ಆ ಕಾಲದ ಪ್ರೇಕ್ಷಕನಿಗೂ ಕಥೆ ಕಟ್ಟುವವನಿಗೂ ಸುಲಭದ ಮಾತಾಗಿರಲಿಲ್ಲ. ಹಾಗಾಗಿ ಅವನ ಹುಟ್ಟನ್ನೇ ತಿದ್ದಬೇಕಾಯಿತು. ಶರ್ಮನೊಳಗೆ ಮೊದಲೇ ಒಬ್ಬ ವರ್ಮ ಅಡಗಿ ಕೂತಿದ್ದ ಎಂದಾಯಿತು. ಹೀಗೆ ಅವಮಾನದ ಯುದ್ಧ ಆಸ್ತಿಯ ಯುದ್ಧವಾಯಿತು. ತನ್ನ ಪಾಲನ್ನು ಕೇಳುವ ವಾರಸುದಾರನ ಯುದ್ಧ. ಪ್ರೇಮಾವತಿ ಮಯೂರನಿಗೆ ತನ್ನ ಮನಸ್ಸು ಕೊಟ್ಟಳು ನಿಜ, ಬದಲಿಗೆ ಅವನ ಬಡತನವನ್ನು ತೆಗೆದುಕೊಂಡಳು. ಈ ವ್ಯಾಪಾರದಲ್ಲಿ ನಷ್ಟ ನಮ್ಮದೇ ಎಂದು ನನಗೆ ಅನ್ನಿಸುತ್ತದೆ. ಹೊಲ ಇಲ್ಲದವನ ಮಗ, ಪರಊರಿನ ಹಾಸ್ಟೆಲಿನಲ್ಲಿ ಓದುವಾಗ ಮಾತು ಕೇಳಿಸಿಕೊಂಡು ಬಂದವ, ತಾಳಗುಂದದ ಮಯೂರನನ್ನು ತನ್ನವನೆಂದುಕೊಳ್ಳಬಹುದು. ಹುಟ್ಟಿನಿಂದಲೇ ರಾಜನಾದ ಮಯೂರನನ್ನು ನೋಡಿ ಸೀಟಿ ಹೊಡೆಯಬಹುದು, ಅಷ್ಟೆ.

ಇಷ್ಟು ಹೇಳಿ ಚಿತ್ರವನ್ನು ಕೆಳಗಿಳಿಸಿ ಹೋದರೆ ಅನ್ಯಾಯವಾದೀತು. ಇನ್ನೊಂದು ಕಡೆ ಅದೇ ಪ್ರೇಮಾವತಿ ಶಾಸನಕ್ಕಿಂತ ಹೆಚ್ಚಿನ ಸತ್ಯವನ್ನೇ ಹೇಳುತ್ತಾಳೆ. ಅದಕ್ಕೆ ತಾಳಗುಂದದ ಕಂಬದಲ್ಲೇ ಇನ್ನೂ ಕೆಲವು ಪದ್ಯ ಮುಂದೆ ಹೋಗಬೇಕು. ಮಯೂರನ ವಂಶದ ಕಾಕುಸ್ಥವರ್ಮ ತನ್ನ ಹೆಣ್ಣುಮಕ್ಕಳನ್ನು ಗುಪ್ತರು ಮೊದಲಾದ ದೊಡ್ಡ ಮನೆತನಗಳಿಗೆ ಕೊಟ್ಟ ಸಂಗತಿಯನ್ನು ಕುಬ್ಜ ಹಿಗ್ಗಿನಿಂದ ಹೇಳುತ್ತಾನೆ. ಕಾಕುಸ್ಥ ಸೂರ್ಯನಾದರೆ ಮಕ್ಕಳು ಕಿರಣಗಳು, ಅವರು ಮುಟ್ಟಿದ ಕಡೆ ಅರಸುಕುಲಗಳೆಂಬ ಕಮಲ ಅರಳಿದವಂತೆ. ಉಪಮೆ ಚೆನ್ನಾಗಿದೆ. ಹುಡುಗಿಯರ ಹೆಸರುಗಳು ಎಲ್ಲಿ? ಕಿರಣಗಳಿಗೆ ಹೆಸರಿಡುವವರು ಯಾರು! ಅಂದರೆ ಕದಂಬರಿಗೂ ಯುದ್ಧಕ್ಕೂ ಹೆಣ್ಣಿಗೂ ನಂಟಿತ್ತು. ಆ ನಂಟಿಗೆ ಬೀಗತನ ಎಂದು ಹೆಸರು. ಕಾದಾಡುವ ಬದಲು ಹೆಣ್ಣು ಕೊಡುವುದು, ಕಾದಾಡಿದ ಮೇಲೆ ಹೆಣ್ಣು ತರುವುದು, ಎರಡೂ ರಾಜಕಾರಣವೇ. ಕಾದಂಬರಿ ಮತ್ತು ಸಿನಿಮಾ ಸೇರಿ ಮಾಡಿದ್ದೇನೆಂದರೆ, ಈ ಲೆಕ್ಕಾಚಾರದ ನಡುವೆ ನಿಂತ ಒಬ್ಬ ಹುಡುಗಿಗೆ ಹೆಸರು ಕೊಟ್ಟು, ನಿನಗೇನು ಬೇಕು ಎಂದು ಕೇಳಿದ್ದು. ಪಲ್ಲವರಿಗೂ ಕದಂಬರಿಗೂ ಕಡೆಗೆ ರಾಜಿ ಆದದ್ದು ಶಾಸನದಲ್ಲೂ ಉಂಟು. ಅಲ್ಲಿ ಅದು ಪಲ್ಲವರ ಜಾಣತನದಿಂದ ಆಯಿತು. ಚಿತ್ರದಲ್ಲಿ ಹಗೆಯ ನಡುವೆ ಒಂದು ಹೆಣ್ಣುಜೀವದ ಒಲವು ಬಂದು ನಿಲ್ಲುತ್ತದೆ. ನಾನು ಆರಿಸಬೇಕಾದರೆ ಇಲ್ಲಿ ಚಿತ್ರವನ್ನೇ ಆರಿಸಿಕೊಳ್ಳುತ್ತೇನೆ.

ಕದಂಬರ ನಂಟು ನಮಗೇನು ದೂರದ್ದಲ್ಲ. ಖಾನಾಪುರ ತಾಲೂಕಿನ ಹಲಸಿ ಅವರ ಎರಡನೆಯ ರಾಜಧಾನಿ ಪಲಾಸಿಕಾ. ಅಲ್ಲಿ ಸಿಕ್ಕ ತಾಮ್ರಪಟಗಳಲ್ಲಿ ಒಂದು ಇದೇ ಕಾಕುಸ್ಥನದು. ತನ್ನ ಪ್ರಾಣ ಉಳಿಸಿದ ಸೇನಾಪತಿ ಶ್ರುತಕೀರ್ತಿಗೆ ಅವನು ಹೊಲ ಕೊಟ್ಟ ದಾಖಲೆ. ಬೇಲೂರು ತಾಲೂಕಿನ ಹಲ್ಮಿಡಿಯ ಶಾಸನವೂ, ನಮ್ಮ ಭಾಷೆಯ ಹಳೆಯ ದಾಖಲೆಗಳಲ್ಲಿ ಮುಂಚೂಣಿಯದು, ಕದಂಬರ ಕಾಲದ್ದೇ. ಪಲ್ಲವ-ಕೇಕಯರ ಮೇಲೆ ಕಾದಿದ ವಿಜಅರಸನಿಗೆ ಹಳ್ಳಿಗಳನ್ನು ಬಿಟ್ಟ ದತ್ತಿ ಅದು. ಕತ್ತಿ ತೊಳೆದದ್ದಕ್ಕೆ ಕೊಟ್ಟ ಭೂಮಿ. ಯುದ್ಧದಿಂದ ಬಂದವನ ಋಣವನ್ನು ಕಲ್ಲು-ತಾಮ್ರಗಳು ಚೆನ್ನಾಗಿ ನೆನಪಿಡುತ್ತವೆ. ಅವನಿಗಾಗಿ ಮನೆಯಲ್ಲಿ ಕಾದವರ ಲೆಕ್ಕವನ್ನು ಯಾರೂ ಕೆತ್ತಿಸುವುದಿಲ್ಲ.

ಇದಕ್ಕೆ ಒಂದು ಅಪವಾದ ಇದೆ, ಅದೂ ನಮ್ಮ ಮಗ್ಗುಲಲ್ಲೇ. ಕಿತ್ತೂರಿನ ಹತ್ತಿರ ದೇಗಾಂವದ ಕಮಲನಾರಾಯಣ ಗುಡಿಯನ್ನು ನೀವೆಲ್ಲ ನೋಡಿದ್ದೀರಿ. 12ನೆಯ ಶತಮಾನದಲ್ಲಿ ಅದನ್ನು ಕಟ್ಟಿಸಿದವಳು ಗೋವೆಯ ಕದಂಬರ ಶಿವಚಿತ್ತ ಪೆರ್ಮಾಡಿಯ ರಾಣಿ ಕಮಲಾದೇವಿ. ಶಿಲ್ಪಿ ತಿಪ್ಪೋಜ. ಹೆಸರಿಲ್ಲದ ಕಿರಣಗಳಾಗಿದ್ದ ಕದಂಬರ ಹೆಣ್ಣುಮಕ್ಕಳಿಗೆ ಏಳು ಶತಮಾನ ಕಳೆದ ಮೇಲೆ ಅದೇ ಹೆಸರಿನ ಇನ್ನೊಂದು ಮನೆತನದಲ್ಲಿ ಒಂದು ಗುಡಿ, ಒಂದು ಹೆಸರು ಸಿಕ್ಕಿತು. ದೇವುಡು ಅವರಿಗೆ ಪ್ರೇಮಾವತಿಯ ಹೆಸರು ಬೇಕಾದದ್ದರಲ್ಲಿ ಆಶ್ಚರ್ಯವಿಲ್ಲ.

ಕಾದಂಬರಿ ಮತ್ತು ಸಿನಿಮಾ ಬರುವ ಮುಂಚೆ ನಮ್ಮ ಜನ ಇದನ್ನೆಲ್ಲ ಹೇಗೆ ಹೇಳಿಕೊಳ್ಳುತ್ತಿದ್ದರು? ನಮ್ಮ ಕಡೆ ಯುದ್ಧಕ್ಕೆ ಒಂದು ಅಂಗಳ, ಪ್ರೇಮಕ್ಕೆ ಇನ್ನೊಂದು ಅಂಗಳ. ಯುದ್ಧ ಲಾವಣಿಗೆ, ಗೀಗೀ ಪದಕ್ಕೆ ಸೇರಿದ್ದು. ದಪ್ಪು, ತುಂತುಣಿ ಹಿಡಿದು ನಿಂತರೆ ಚೆನ್ನಮ್ಮ ಬರುತ್ತಾಳೆ, ರಾಯಣ್ಣ ಬರುತ್ತಾನೆ, 1824ರ ಅಕ್ಟೋಬರ್ 23ರಂದು ಕಿತ್ತೂರ ಕೋಟೆಯ ಮುಂದೆ ಕಂಪನಿಯ ಅಧಿಕಾರಿ ಥ್ಯಾಕರೆ ಬೀಳುತ್ತಾನೆ. ರಾಯಣ್ಣನ ಪದಗಳಲ್ಲಿ ತಾಯಿ ಎದ್ದು ಕಾಣುತ್ತಾಳೆ. ಪ್ರೇಯಸಿಗೆ ಅಲ್ಲಿ ದೊಡ್ಡ ಜಾಗವಿಲ್ಲ. ಪ್ರೇಮ ಬೇಕಾದರೆ ಸಣ್ಣಾಟಕ್ಕೆ ಹೋಗಬೇಕು. ಬೈಲಹೊಂಗಲ ಸೀಮೆಯ ‘ಸಂಗ್ಯಾ ಬಾಳ್ಯಾ’ ಇದೆಯಲ್ಲ. ಸಂಗ್ಯಾ, ಗಂಗಿ, ನಡುವೆ ಗೆಳೆಯ ಬಾಳ್ಯಾ, ಊರಿಗೆ ಹೋದ ಗಂಡ ಈರ್ಯಾ. ಅಲ್ಲಿಯೂ ರಕ್ತ ಹರಿಯುತ್ತದೆ, ಆದರೆ ಹರಿಸುವವರು ಮನೆಯವರು. ಗೆಳೆಯನೇ ಗೆಳೆಯನನ್ನು ಹಿಡಿದುಕೊಡುತ್ತಾನೆ. ದೊಡ್ಡಾಟದಲ್ಲಿ ಎರಡೂ ಬೆರೆತಿವೆ ಎಂದು ಯಾರಾದರೂ ಹೇಳಬಹುದು. ಒಪ್ಪಿದೆ. ಆದರೆ ಅಲ್ಲಿ ಕಿರೀಟ ಹೊತ್ತವರು ಪುರಾಣದವರು, ನಮ್ಮ ಪಕ್ಕದ ಓಣಿಯವರಲ್ಲ. ದಂಡಿಗೆ ಹೋದ ಮನುಷ್ಯನಿಗೂ ಒಳಗೊಂದು ಗಂಗಿ ಇರಬಹುದು ಎಂದು ಎರಡು ಅಂಗಳದ ನಡುವಿನ ಗೋಡೆ ಕೆಡವಿದ್ದು ಕಾದಂಬರಿ.

ಸಿನಿಮಾ ಕಾದಂಬರಿಯಿಂದ ಆ ಅಭ್ಯಾಸವನ್ನು ಕಲಿತು, ಅದನ್ನು ಬಿಡಲಾಗದಷ್ಟು ಕಲಿತುಬಿಟ್ಟಿತು. 1961ರಲ್ಲಿ ಬಿ.ಆರ್. ಪಂತುಲು ‘ಕಿತ್ತೂರು ಚೆನ್ನಮ್ಮ’ ತೆಗೆದಾಗ ಚೆನ್ನಮ್ಮ ಬಿ. ಸರೋಜಾದೇವಿ, ಮಲ್ಲಸರ್ಜ ರಾಜಕುಮಾರ್. ಕಾದಂಬರಿಯ ಆಸರೆ ಬೇಕಾಗಲಿಲ್ಲ. ಇಬ್ಬರೂ ಒಂದೇ ಹುಲಿಯ ಬೆನ್ನುಹತ್ತಿ ಭೇಟಿಯಾದರೆಂಬ ಜನರ ಕಥೆ ಇತ್ತು. ಕಾಕತಿಯ ಹುಡುಗಿ, ಕಿತ್ತೂರ ದೇಸಾಯಿ, ನಡುವೆ ಸತ್ತ ಹುಲಿ: ಒಳ್ಳೆಯ ಕಥೆ, ಯಾರು ಕಟ್ಟಿದರೋ ಅವರಿಗೆ ನಮಸ್ಕಾರ. ಆದರೆ ಅದು ಯುದ್ಧಕ್ಕೆ ಬಹಳ ಮುಂಚಿನ ಮಾತು. ಪೇಶ್ವೆಯ ಸೆರೆಯಿಂದ ರೋಗಿಯಾಗಿ ಬಂದ ಮಲ್ಲಸರ್ಜ 1816ರಲ್ಲೇ ತೀರಿದ. ಚೆನ್ನಮ್ಮ ಕತ್ತಿ ಹಿಡಿದಾಗ ಅವಳು ವಿಧವೆ, ಮಗನನ್ನೂ ಕಳೆದುಕೊಂಡವಳು. ಆಕೆಯ ಯುದ್ಧದಲ್ಲಿ ಪ್ರಣಯಕ್ಕೆ ಎಡೆಯೇ ಇಲ್ಲ. ಅದಕ್ಕೇ ಆ ಯುದ್ಧ ಇಷ್ಟು ಗಟ್ಟಿಯಾಗಿ ನಿಂತಿದೆಯೋ ಏನೋ. 2012ರಲ್ಲಿ ದರ್ಶನ್ ಸಂಗೊಳ್ಳಿ ರಾಯಣ್ಣನಾದಾಗ ಅವನಿಗೂ ಒಬ್ಬ ನಾಯಕಿ ಬೇಕೇಬೇಕಾಯಿತು, ನಿಕಿತಾ ಬಂದರು. ಲಾವಣಿಕಾರರು ಹತ್ತಿರಹತ್ತಿರ ಇನ್ನೂರು ವರ್ಷ ನಾಯಕಿ ಇಲ್ಲದೆ ರಾಯಣ್ಣನನ್ನು ಹಾಡಿ ಜನರನ್ನು ಬೆಳಗಿನವರೆಗೆ ಕೂರಿಸಿದ್ದರು ಎಂದು ನಿರ್ಮಾಪಕರಿಗೆ ಹೇಳುವವರು ಯಾರು?

ಹೊರಗಿನ ಎರಡು ಚಿತ್ರಗಳನ್ನು ಇಲ್ಲಿ ತರುತ್ತೇನೆ. ಯುದ್ಧಕ್ಕೂ ಪ್ರೇಮಕ್ಕೂ ನಡುವಿನ ಕೊಡುಕೊಳ್ಳುವಿಕೆ ಅವುಗಳಲ್ಲಿ ಇನ್ನೂ ನಿಚ್ಚಳವಾಗಿ ಕಾಣುತ್ತದೆ. ಶ್ಯಾಮ್ ಬೆನೆಗಲ್ ಅವರ ‘ಜುನೂನ್’ ರಸ್ಕಿನ್ ಬಾಂಡ್ ಬರೆದ ಕಿರುಕಾದಂಬರಿ ‘ಎ ಫ್ಲೈಟ್ ಆಫ್ ಪಿಜನ್ಸ್’ನಿಂದ ಬಂದದ್ದು. 1857ರ ಶಹಜಹಾನ್‌ಪುರ. ಬಂಡಾಯದಲ್ಲಿ ತಂದೆಯನ್ನು ಕಳೆದುಕೊಂಡ ಹುಡುಗಿ ರೂತ್‌ಳ ಹಿಂದೆ ಪಠಾಣ ಜಾವೇದ್ ಖಾನ್ ಹುಚ್ಚನಾಗುತ್ತಾನೆ. ಮಗಳ ಕೈ ಕೇಳಿದಾಗ ತಾಯಿ ಮರಿಯಮ್ ಒಡ್ಡುವ ಕರಾರನ್ನು ನೋಡಿ: ದಿಲ್ಲಿ ನಿಮ್ಮವರ ಕೈಯಲ್ಲಿ ಉಳಿದರೆ ಕೊಡುತ್ತೇನೆ, ಇಂಗ್ಲಿಷರು ಗೆದ್ದರೆ ಇಲ್ಲ. ಒಂದು ಲಗ್ನ ಒಂದು ಮುತ್ತಿಗೆಗೆ ಕಟ್ಟುಬಿತ್ತು. ಅಲ್ಲಿ ಪ್ರೇಮ ಯುದ್ಧದ ಒಳಗೇ ಸಿಕ್ಕಿಬಿದ್ದಿದೆ, ಬಿಡಿಸಿ ತೆಗೆಯಲು ಬರುವುದಿಲ್ಲ. ಜಾವೇದನ ಹೆಂಡತಿ ಮನೆಯಲ್ಲಿ ಕೂತು ಇದನ್ನೆಲ್ಲ ನೋಡುತ್ತಿದ್ದಾಳೆ ಎಂಬುದನ್ನೂ ಚಿತ್ರ ಮರೆಯುವುದಿಲ್ಲ.

ಇನ್ನೊಂದು, ಸಿಂಹಳದಲ್ಲಿ ಹುಟ್ಟಿದ ಮೈಕೇಲ್ ಒಂಡಾಟ್ಜೆಯ 1992ರ ಕಾದಂಬರಿ ‘ದಿ ಇಂಗ್ಲಿಷ್ ಪೇಷಂಟ್’. 1996ರಲ್ಲಿ ಆಂಟನಿ ಮಿಂಗೆಲ್ಲಾ ಅದನ್ನು ಸಿನಿಮಾ ಮಾಡಿದರು, ಒಂಬತ್ತು ಆಸ್ಕರ್ ಬಂತು. ಕಾದಂಬರಿಯಲ್ಲಿ ಕಿಪ್ ಎಂಬ ಸಿಖ್ ಸೈನಿಕ ಇದ್ದಾನೆ, ಹೂತಿಟ್ಟ ಬಾಂಬುಗಳನ್ನು ನಿಷ್ಕ್ರಿಯ ಮಾಡುವವ, ಇಂಗ್ಲಿಷರ ಸೈನ್ಯದಲ್ಲಿ. ಹಿರೋಶಿಮಾ ಸುದ್ದಿ ರೇಡಿಯೋದಲ್ಲಿ ಬಂದ ದಿನ ಅವನು ಬಂದೂಕು ಎತ್ತಿ ಇಂಗ್ಲಿಷ್ ರೋಗಿಯ ಕಡೆಗೆ ಹಿಡಿಯುತ್ತಾನೆ. ಬಿಳಿಯರ ದೇಶದ ಮೇಲೆ ಇಂಥ ಬಾಂಬು ಬೀಳುತ್ತಿತ್ತೇ ಎಂಬುದು ಅವನ ಸಂಕಟ. ಆಮೇಲೆ ಪ್ರೀತಿಸಿದವಳನ್ನೂ ಬಿಟ್ಟು ಹೊರಟುಬಿಡುತ್ತಾನೆ. ಸಿನಿಮಾದಲ್ಲಿ ಹಿರೋಶಿಮಾ ಇಲ್ಲವೇ ಇಲ್ಲ. ಮರುಭೂಮಿಯ ಪ್ರೇಮ ಪೂರ್ತಿ ಉಳಿಯಿತು, ಯುದ್ಧದ ಬಗ್ಗೆ ಕೇಳಬಾರದ ಪ್ರಶ್ನೆ ಕೇಳಿದ ಪ್ರೇಮಿ ಬರಿಯ ಸಜ್ಜನ ಸೈನಿಕನಾದ. ‘ಮಯೂರ’ದಲ್ಲಿ ಕಂಚಿಯ ಅವಮಾನಿತ ವಿದ್ಯಾರ್ಥಿಗೆ ಆದದ್ದೂ ಹೆಚ್ಚುಕಡಿಮೆ ಇದೇ. ಹಣ ಹಾಲಿವುಡ್‌ನಷ್ಟಿರಲಿ, ನಮ್ಮಷ್ಟಿರಲಿ, ಕತ್ತರಿ ಬೀಳುವ ಜಾಗ ಒಂದೇ.

ಕತ್ತರಿ ಬೀಳಲೇಬೇಕು ಎಂದಿಲ್ಲ. ರಾಜೇಂದ್ರಸಿಂಗ್ ಬಾಬು ಅವರ ‘ಮುತ್ತಿನ ಹಾರ’ 1990ರದು. ಕಾದಂಬರಿಯಿಂದ ಬಂದದ್ದಲ್ಲ, ಆದರೂ ಈ ಮಾತಿಗೆ ಬೇಕು. ಕೊಡಗಿನ ಸೈನಿಕನಾಗಿ ವಿಷ್ಣುವರ್ಧನ್, ದಾದಿಯಾಗಿ ಸುಹಾಸಿನಿ, ಹಂಸಲೇಖ ಸಂಗೀತ, ಬಾಲಮುರಳಿಕೃಷ್ಣರ ಕಂಠ. ಅಲ್ಲಿ ನಾಯಕ ಯಾರ ವಂಶದ ಕುಡಿಯೂ ಅಲ್ಲ. ಸಂಬಳದ ಸಿಪಾಯಿ. ಪ್ರೇಮ ಆಗಿ, ಮದುವೆ ಆಗಿ, ಮಗು ಆಗಿ, ಆಮೇಲೂ ಯುದ್ಧ ಬಂದು ಒಂದೊಂದನ್ನೇ ಕೇಳಿ ತೆಗೆದುಕೊಳ್ಳುತ್ತದೆ. ಮದುವೆಯ ಊಟಕ್ಕೆ ಪರದೆ ಇಳಿಸದೆ ಕಥೆ ಮುಂದುವರಿದದ್ದೇ ಅದರ ಹೆಚ್ಚುಗಾರಿಕೆ.

ಈಗ ಮನೋಳಿಗೆ ಬರೋಣ. ಈ ಊರಿಗೆ ತನ್ನದೇ ಒಂದು ಯುದ್ಧ ಇದೆ; ನಮ್ಮ ಮಕ್ಕಳು ವಾಟರ್ಲೂ ಬಾಯಿಪಾಠ ಮಾಡುತ್ತಾರೆ, ಇದನ್ನು ಯಾರೂ ಹೇಳಿಕೊಡುವುದಿಲ್ಲ. ವಾಟರ್ಲೂದಲ್ಲಿ ನೆಪೋಲಿಯನ್ನನನ್ನು ಸೋಲಿಸಿದ ಅದೇ ಆರ್ಥರ್ ವೆಲ್ಲೆಸ್ಲಿ ಹದಿನೈದು ವರ್ಷ ಮುಂಚೆ ಕಾದಿದ್ದು ಇಲ್ಲಿ, ಮಲಪ್ರಭೆಯ ದಂಡೆಯಲ್ಲಿ. ಎದುರಾಳಿ ಧೋಂಡಿಯ ವಾಘ್. ಚನ್ನಗಿರಿಯ ಮರಾಠ ಮನೆಯವನು, ಹೈದರನ ದಂಡಿನಲ್ಲಿದ್ದವನು, ಆಮೇಲೆ ಸ್ವತಂತ್ರವಾಗಿ ಧಾರವಾಡ-ಸವಣೂರ ಸೀಮೆ ಕೊಳ್ಳೆ ಹೊಡೆದವನು. ಟಿಪ್ಪು ಅವನನ್ನು ಕರೆಸಿಕೊಂಡು ಮುಸಲ್ಮಾನನನ್ನಾಗಿ ಮಾಡಿ ಸೆರೆಗೆ ಹಾಕಿದ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ದಿನ ಸೆರೆಮನೆ ಬಾಗಿಲು ತೆರೆಯಿತು. ಟಿಪ್ಪುವಿನ ಚದುರಿದ ಸವಾರರೆಲ್ಲ ಇವನ ಹಿಂದೆ ಸೇರಿದರು. ಇವನು ತನಗೆ ತಾನೇ ಕೊಟ್ಟುಕೊಂಡ ಬಿರುದು, ಉಭಯ ಲೋಕಗಳ ಅರಸ. ಒಂದು ಲೋಕಕ್ಕೆ ತೃಪ್ತಿಪಡುವ ಆಸಾಮಿ ಆಗಿರಲಿಲ್ಲ.

1800ರ ಜೂನ್ ಕೊನೆಗೆ ಅವನು ಕಿತ್ತೂರಿನ ಹತ್ತಿರ ಮರಾಠರ ಸರದಾರ ಧೋಂಡೋಪಂತ ಗೋಖಲೆಯನ್ನು ಕೊಂದ. ಒಂದು ತಿಂಗಳಿಗೆ ವೆಲ್ಲೆಸ್ಲಿ ಬೆನ್ನಿಗೆ ಬಂದ. ಜುಲೈ 30ರಂದು ಮನೋಳಿಯ ಎದುರು ದಂಡೆಯಲ್ಲಿ, ಧೋಂಡಿಯನ ದಂಡು ಹೊಳೆ ದಾಟುವ ಗಡಿಬಿಡಿಯಲ್ಲಿದ್ದಾಗ, ಕಂಪನಿಯ ಕುದುರೆಗಳು ಮೇಲೆ ಬಿದ್ದವು. ನವಿಲುತೀರ್ಥದ ಅಣೆಕಟ್ಟು ಇಲ್ಲದ ಕಾಲ. ಆಷಾಢ-ಶ್ರಾವಣದ ಮಲಪ್ರಭೆ ಹೇಗಿರುತ್ತಿತ್ತೆಂದು ಹಿರಿಯರಿಗೆ ಹೇಳಬೇಕಿಲ್ಲ. ಆಮೇಲೆ ವೆಲ್ಲೆಸ್ಲಿ ಕಂಪನಿಯ ಅಧಿಕಾರಿ ಮನ್ರೋಗೆ ಬರೆದ ಪತ್ರದಲ್ಲಿ ಲೆಕ್ಕ ಕೊಡುತ್ತಾನೆ: ದಂಡಿನ ಸಾಮಾನೆಲ್ಲ ಸಿಕ್ಕಿತು, ಆರು ತೋಪು ಸಿಕ್ಕಿತು, ಸುಮಾರು ಐದು ಸಾವಿರ ಜನ ಹೊಳೆಗೆ ಬಿದ್ದು ಮುಳುಗಿದರು. ಸಂಖ್ಯೆ ಗೆದ್ದವನ ಸಂಖ್ಯೆ. ಅರ್ಧಕ್ಕೆ ಇಳಿಸಿದರೂ ಮನೋಳಿಯ ಹೊಳೆಗೆ ಅಷ್ಟು ಹೆಣ ಒಂದೇ ದಿನ ಹಿಂದೆಂದಾದರೂ ಬಂದಿತ್ತೇ?

ಧೋಂಡಿಯ ತಪ್ಪಿಸಿಕೊಂಡ. ಸೆಪ್ಟೆಂಬರ್ 10ರಂದು ಕೋಣಗಲ್‌ನಲ್ಲಿ ವೆಲ್ಲೆಸ್ಲಿ ನಾಲ್ಕು ಕುದುರೆ ರೆಜಿಮೆಂಟುಗಳನ್ನು ಒಂದೇ ಸಾಲಿಗೆ ಹೂಡಿ ತಾನೇ ಮುಂದೆ ನುಗ್ಗಿದ, ಧೋಂಡಿಯ ಸತ್ತ. ಅಂದು ದಂಡಿನ ಸಾಮಾನುಗಳ ನಡುವೆ ಅವನ ಪುಟ್ಟ ಮಗ ಸಲಾಬತ್ ಖಾನ್ ಸಿಕ್ಕ. ವೆಲ್ಲೆಸ್ಲಿ ಅವನನ್ನು ತನ್ನ ಡೇರೆಗೆ ಕರೆಸಿಕೊಂಡು ಸಾಕಿದ, ಹಿಂದುಸ್ತಾನ ಬಿಟ್ಟು ಹೋಗುವಾಗ ಅವನ ಖರ್ಚಿಗೆ ಹಣ ಇಟ್ಟುಹೋದ. ತಂದೆಯನ್ನು ಕೊಂದವನು ಮಗನನ್ನು ಸಾಕಿದ. ಯಾವ ಕಾದಂಬರಿಕಾರನೂ ಇದನ್ನು ತಾನಾಗಿ ಕಟ್ಟಿದರೆ ಓದುಗರು ಅತಿಯಾಯಿತೆನ್ನುತ್ತಾರೆ. ಇದು ನಡೆದದ್ದು.

ಈ ಕಥೆಗೆ ಪ್ರೇಮ ಎಲ್ಲಿಂದ ತರುವುದು? ಇದನ್ನು ಬರೆಯುವವರು ಈ ಸಭೆಯಲ್ಲೇ ಇರಬಹುದು ಎಂಬ ಆಸೆಯಿಂದ ಎರಡು ಮಾತು. ಧೋಂಡಿಯನನ್ನು ಯಾವುದೋ ಮುಚ್ಚಿಟ್ಟ ರಾಜವಂಶದ ಕುಡಿ ಮಾಡಬೇಡಿ. ಅವನು ದಂಡಿನ ಸವಾರ, ಸೆರೆಯಿಂದ ಬರಿಗೈಯಲ್ಲಿ ಎದ್ದು ಬಂದವ. ಎರಡು ಲೋಕಗಳನ್ನು ತನ್ನದೆಂದುಕೊಳ್ಳುವ ಧೈರ್ಯಕ್ಕೆ ಬೆಲೆ ಇರುವುದು ಅದರಿಂದಲೇ. ಇನ್ನು, ಇಂಗ್ಲಿಷ್ ಡೇರೆಯಲ್ಲಿ ಒಬ್ಬ ಬಿಳಿಯ ನಾಯಕಿಯನ್ನು ಹುಡುಕಲು ಹೋಗಬೇಡಿ. ಪುಟ್ಟ ಮಗುವನ್ನು ಎತ್ತಿಕೊಂಡು, ಶ್ರೀರಂಗಪಟ್ಟಣದಿಂದ ಮಲಪ್ರಭೆಯವರೆಗೆ ಆ ದಂಡಿನ ಹಿಂದೆ ಬಂದ ಹೆಂಗಸರು ಇದ್ದೇ ಇದ್ದರು. ಪತ್ರ ಬರೆಯುವ ಗಂಡಸರಿಗೆ ಅವರು ‘ಸಾಮಾನು’ಗಳ ಪಟ್ಟಿಯಲ್ಲಿ ಸೇರಿದವರು. ಜುಲೈ 30ರ ಮಧ್ಯಾಹ್ನ ಹೊಳೆಯ ಈ ಕಡೆ ಒಬ್ಬಳು, ಆ ಕಡೆ ಒಬ್ಬ. ನಡುವೆ ದೋಣಿ ಇಲ್ಲ. ಕಾದಂಬರಿಗೆ ಅಷ್ಟು ಸಾಕು.

ವೆಲ್ಲೆಸ್ಲಿಯ ಪತ್ರಗಳು ಅಚ್ಚಾಗಿ ಸಿಗುತ್ತವೆ. ಪರಸಗಡ ಕೋಟೆ ಸವದತ್ತಿಯ ಹತ್ತಿರವಿದೆ, ಹೊಳೆ ಇಲ್ಲೇ ಇದೆ, ಕಿತ್ತೂರಿಗೆ ಬಸ್ಸಿದೆ. ಯಾರಾದರೂ ಬರೆದರೆ ಮುಂದಿನ ದತ್ತಿ ಉಪನ್ಯಾಸವನ್ನು ಅವರೇ ಕೊಡಲಿ, ನಾನು ಎದುರು ಸಾಲಿನಲ್ಲಿ ಕೂತು ಕೇಳುತ್ತೇನೆ. ಸಿನಿಮಾದವರನ್ನು ಕರೆಯಬೇಕಾಗಿಲ್ಲ, ಕಾದಂಬರಿ ಚೆನ್ನಾಗಿದ್ದರೆ ಅವರಾಗಿಯೇ ಬರುತ್ತಾರೆ. ಬಂದವರ ಕೈಯಲ್ಲಿ ಕತ್ತರಿ ಎಲ್ಲಿದೆ ಎಂದು ಮಾತ್ರ ನೋಡಿಕೊಳ್ಳಿ.